ಅವ್ವನ ಕಣ್ಣಿನ ತೂಕ

೧೪-೯-೧೯೯೮, ಸೋಮವಾರ

ಇವತ್ತೂ ನಮ್ಮ ಅಂಗಡಿ ಪಕ್ಕದ ಮಂಡೀಲಿ ಮೂಟೆ ತೂಗೋ ಮಿಷನ್ ಮೇಲೆ ಹತ್ತಿ ನಿಂತೆ. ಒಂದು ಕೆಜಿಯೂ ಇಳಿದಿಲ್ಲ. ಮಂಡಿ ಜ್ಞಾನೇಶ್ ನಕ್ಕ: "ದಿನಾ ಆಲ್ಕೊಳದವರೆಗೆ ನಡೆದು ಏನು ಬಂತೋ ಮಾರಾಯ?"

ಮನೆಗೆ ಬಂದರೆ ಅವ್ವ, "ಎಷ್ಟು ಇಳಿದುಹೋಗಿದೀಯಪ್ಪ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. "ನೋಡು, ಎಂಥಾ ದೃಷ್ಟಿ!" ಅಂತ ತುಪ್ಪ ಸುರಿದು ಹೋಳಿಗೆ ಬಡಿಸಿದಳು. ಬೇಡ ಅನ್ನೋಕಾಗದೆ ತಿಂದೆ. ಬೆಳಗ್ಗೆ ನಡೆದದ್ದೆಲ್ಲ ದಂಡ.

ಮಿಷನ್ ನಂಬಲಾ, ಅವ್ವನ ಕಣ್ಣು ನಂಬಲಾ? ಅಪ್ಪನೂ ಶುಗರ್‌ನಿಂದ ಇಳಿದೂ ಇಳಿದೂ ಹೋದದ್ದು. ಡಾಕ್ಟರು ನನಗೆ ನಡಿ ಅಂದದ್ದೂ ಅದೇ ಶುಗರ್‌ಗೆ. ಅವ್ವನಿಗೆ ಹೇಳಿಲ್ಲ.

ಈಗ ನೋಡಿದರೆ ಬಾಗಿಲ ಹತ್ತಿರ ಶೂ ಇಲ್ಲ. ಅವಳೇ ಬಚ್ಚಿಟ್ಟಿರಬೇಕು. ಕೇಳಿದರೆ ಅಳ್ತಾಳೆ. ಬೆಳಗ್ಗೆ ಹವಾಯಿ ಚಪ್ಪಲೀಲೇ ಹೋಗ್ತೀನಿ. ಅವಳು ಏಳೋ ಮುಂಚೆ, ಸದ್ದಾಗದ ಹಾಗೆ ಅದನ್ನ ಕೈಯಲ್ಲಿ ಹಿಡ್ಕೊಂಡು...