ಅರ್ಧ ಗೋಡೆ

ಹುಬ್ಬತಲೈ,
ಭಾನುವಾರ

ಮೈದುನ ಪ್ರದೀಪನಿಗೆ,

ಅತ್ತಿಗೆಯ ಆಶೀರ್ವಾದ ಇದ್ದೇ ಇದೆ. ನೀನು ಕೇಳಿದ ಸಹಿ ಮಾತ್ರ ಇಲ್ಲ.

ನಿನ್ನ ಪಾಲಿನ ಮನೆ ಕೆಡವಿ ಲಾಡ್ಜ್ ಕಟ್ಟಲು ನೀನು ಕಳಿಸಿದ ಎಂಜಿನಿಯರ್ ನಿನ್ನೆ ಬಂದಿದ್ದ. ನಮ್ಮಿಬ್ಬರ ಮನೆ ಸೇರುವ ಕಡೆ ಮುಂಭಾಗದ ಇಟ್ಟಿಗೆಯ ಮೇಲೆ ಸೂರಿನಿಂದ ನೆಲದವರೆಗೂ ಕೆಂಪು ಗೆರೆ ಎಳೆದು, "ಈಚೆ ಅರ್ಧ ನಿಮ್ಮದು, ಆಚೆ ಅರ್ಧ ಅವರದು ಅಮ್ಮಾ" ಅಂದ. ಸರಿಯಾಗಿ ನೋಡಪ್ಪ ಅಂದೆ. ಆ ಗೆರೆ ಒಂದು ವರಸೆಯಲ್ಲಿ ಸಂದಿಯಲ್ಲಿ ಇಳಿದರೆ, ಮುಂದಿನ ವರಸೆಯಲ್ಲಿ ಇಟ್ಟಿಗೆಯ ನಡುವೆಯೇ ಹಾಯುತ್ತದೆ. ನಿಮ್ಮ ಮುತ್ತಜ್ಜ ಈ ಸಾಲಿನ ಐದು ಮನೆಗೂ ಒಂದೇ ಸೂರು ಹಾಕಿ, ಇಟ್ಟಿಗೆಗೆ ಇಟ್ಟಿಗೆ ಕಚ್ಚಿಸಿ ಕಟ್ಟಿಸಿದ್ದೇ ಗೋಡೆಯಲ್ಲಿ ಯಾರೂ ಪಾಲು ಕೇಳಬಾರದು ಅಂತ. ನಿನ್ನ ಅರ್ಧ ಕಿತ್ತರೆ ನನ್ನ ಅರ್ಧವೂ ಜತೆಗೇ ಉರುಳುತ್ತದೆ.

ಹಳೇ ಗೋಡೆಯಲ್ಲಿ ಏನಿದೆ ಅತ್ತಿಗೆ ಅಂತ ಫೋನಲ್ಲಿ ಕೇಳಿದೆಯಲ್ಲ. ನನ್ನ ಒಲೆ ಇರುವುದು ಆ ಗೋಡೆಗೆ ಅಂಟಿಕೊಂಡೇ. ಅತ್ತೆ ಕೊನೆಯ ಚಳಿಗಾಲವೆಲ್ಲ ನಿನ್ನ ಮನೆಯ ಕಡೆಯಿಂದ ಅದಕ್ಕೆ ಬೆನ್ನು ಕೊಟ್ಟೇ ಮಲಗಿದರು. ನೀನು ತಂದ ಹೀಟರ್ ಡಬ್ಬದಿಂದ ಹೊರಗೆ ಬರಲೇ ಇಲ್ಲ.

ಗೆರೆಯನ್ನು ಉಜ್ಜಿ ತೊಳೆದಿದ್ದೇನೆ. ಮತ್ತೆ ಎಳೆಸಿದರೆ ಮತ್ತೆ ತೊಳೆಯುತ್ತೇನೆ. ಸಂದಿಗಳಿಗೆ ತುಂಬಲು ಸುಣ್ಣ ಬೇಕು, ಬರುವಾಗ ಕೂನೂರಿಂದ ತಾ. ಸಿಮೆಂಟ್ ತಂದರೆ ಒಳಗೆ ಬಿಡುವುದಿಲ್ಲ.

ಬಂದವನು ಮೊದಲು ನಿನ್ನ ಕಡೆ ಗೋಡೆಯ ಮೇಲೆ ಕೈ ಇಡು. ಇಲ್ಲಿ ನನ್ನ ಒಲೆ ಉರಿಯುತ್ತಿರುತ್ತದೆ. ಆ ಕಾವಿನಲ್ಲಿ ನಿನ್ನದೆಷ್ಟು, ನನ್ನದೆಷ್ಟು ಅಂತ ಗೆರೆ ಎಳೆದು ತೋರಿಸು. ಆಗ ಸಹಿ ಹಾಕುತ್ತೇನೆ.

ಗೋಡೆಯ ಈಚೆಯಿಂದ,
ನಿನ್ನ ಅತ್ತಿಗೆ
ಸಿದ್ದಾಜಮ್ಮ