ಸೊಸೆಯ ದನಿಗೆ ನಾನು ಹೇಳಿದ ಸಾಕ್ಷಿ

ಲಾಂಡ್ರಿಯ ಹಿಂದಿನ ಕೋಣೆ,
ಭಾನುವಾರ, ನವೆಂಬರ್ ೧೬

ಹಡಗಿನಲ್ಲಿರುವ ನನ್ನ ಮಗನಿಗೆ ಅಮ್ಮನ ಆಶೀರ್ವಾದ.

ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಹೋದ ಸಲ ಫೋನಿನಲ್ಲಿ ನೀನು ಕೆಮ್ಮುತ್ತಿದ್ದೆ, ಎಂಜಿನ್ ಕೋಣೆಯ ಹೊಗೆ ಎಂದೆ. ಹೊಗೆಯೋ, ಬಿಟ್ಟೆ ಎಂದು ಆಣೆ ಹಾಕಿದ ಸಿಗರೇಟೋ, ನಿನಗೇ ಗೊತ್ತು. ಇಲ್ಲಿ ನಿನ್ನ ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಹೆಂಡತಿ ಈಗಾಗಲೇ ನಿನಗೆ ಏನಾದರೂ ಹೇಳಿದ್ದರೆ, ನನ್ನದನ್ನೂ ಪೂರ್ತಿ ಓದಿ ಆಮೇಲೆ ಮುಖ ಗಂಟುಹಾಕಿಕೋ.

ಆಸ್ಪತ್ರೆಯ ಫೋನಿಗೆ ಉತ್ತರ ಕೊಡುವ ಯಂತ್ರಕ್ಕೆ ದನಿ ಬೇಕೆಂದು ಅವಳು ಅರ್ಜಿ ಹಾಕಿದ್ದು ನಿನಗೆ ಗೊತ್ತಿದೆ. ಈ ಮನೆಯಲ್ಲಿ ಸದ್ದಿಲ್ಲದ ಜಾಗವೆಂದರೆ ಗಿರಾಕಿಗಳ ಕೋಟು ನೇತುಹಾಕುವ ದೊಡ್ಡ ಬೀರು ಒಂದೇ. ಅದರೊಳಗೆ ಕೋಟುಗಳ ನಡುವೆ ಕೂತು, ಬಾಗಿಲು ಎಳೆದುಕೊಂಡು, ಬೆವರು ಸುರಿಸುತ್ತಾ ಓದಿ ಕಳಿಸಿದಳು. ಹೊರಗೆ ಕುರ್ಚಿ ಹಾಕಿಕೊಂಡು ನಾನು ಕಾವಲು ಕೂತೆ. ಬಟ್ಟೆ ಒಗೆಯುವ ಯಂತ್ರ ನಿಲ್ಲಿಸಿದೆ, ನಿನ್ನ ಅಪ್ಪನನ್ನೂ ನಿಲ್ಲಿಸಿದೆ. "ದಯವಿಟ್ಟು ಕಾಯಿರಿ, ವೈದ್ಯರು ಬರುತ್ತಿದ್ದಾರೆ" ಎಂದು ಅವಳು ಓದಿದ್ದು ಕೇಳಿ ನನಗೇ ಕಾಯೋಣ ಅನ್ನಿಸಿತು. ದನಿ ಒಪ್ಪಿಗೆಯಾಯಿತು.

ಮರುದಿನ ಆ ಕಂಪನಿಯ ಹುಡುಗಿ ನನಗೆ ಫೋನ್ ಮಾಡಿದಳು. ಭಾಷೆ ಹುಟ್ಟಿನಿಂದ ಬಂದವರಿಗೆ ಮಾತ್ರ ಈ ಕೆಲಸವಂತೆ, ಮನೆಯ ಹಿರಿಯರೊಬ್ಬರು ಹೌದೆಂದು ಹೇಳಬೇಕಂತೆ. ನಾನು ಇಲ್ಲ ಎಂದೆ. "ಮದುವೆಯಾಗಿ ಬಂದ ಮೇಲೆ ಕಲಿತಳು, ಈಗ ನನಗಿಂತ ಜಾಸ್ತಿ ಮಾತಾಡ್ತಾಳೆ" ಎಂದೂ ಸೇರಿಸಿದೆ. ಹುಡುಗಿಗೆ ಮೊದಲ ಮಾತು ಸಾಕಾಯಿತು. ಕೆಲಸ ಕೈತಪ್ಪಿತು.

ನಿನ್ನ ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. "ಒಂದು ಹೌದು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?" ಎಂದಳು. ನಾನು ಸುಳ್ಳು ಹೇಳಿದವಳಲ್ಲ, ಈ ವಯಸ್ಸಿನಲ್ಲಿ ಶುರು ಮಾಡುವವಳೂ ಅಲ್ಲ. ಹಾಗೆಂದೆ. ಅವಳು ಮಾತಿಗೆ ಮಾತು ಬೆಳೆಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೆಳೆಸಲಿಲ್ಲ. "ಅಮ್ಮನ ಮನೆಗೆ ಹೋಗ್ತೀನಿ. ಅಲ್ಲಿ ಬಾಯಿ ತೆಗೆದ್ರೆ ಯಾರೂ ನಿಮ್ಮೂರು ಯಾವುದು ಅಂತ ಕೇಳಲ್ಲ" ಎಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ವಾಪಸ್ಸು ಯಾವಾಗ ಎಂದು ಕೇಳಿದರೆ, ನೋಡೋಣ ಎಂದಳಷ್ಟೆ.

ಆ ಮಾತು ನನ್ನ ತಲೆ ಬಿಟ್ಟು ಹೋಗಲಿಲ್ಲ. ಕೌಂಟರಿನ ಮುಂದೆ ನಿಂತವರೆಲ್ಲ ನಿನ್ನ ಹೆಂಡತಿಗೆ "ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಅನ್ನುತ್ತಾರೆ. ನನಗೆ ಇವತ್ತಿನವರೆಗೂ ಯಾರೂ ಹಾಗೆ ಹೇಳಿಲ್ಲ. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೆ. ಹೊರಗಿನವಳು ಎಂದು ಕೈಗಿಡುವ ಚೀಟಿ ಅದು. ಫೋನಿನೊಳಗಿನ ಲೋಕದಲ್ಲಾದರೆ ನಾನೂ ನಿನ್ನ ಅಪ್ಪನೂ ನಿನ್ನೆಮೊನ್ನೆ ಬಂದವರು, ಅವಳು ಅಲ್ಲೇ ಹುಟ್ಟಿದವಳ ಹಾಗೆ ಓಡಾಡುತ್ತಾಳೆ. ನನಗೆ ಅಕ್ಷರ ದೊಡ್ಡದು ಮಾಡಿಕೊಟ್ಟಳು, ಫೋಟೋ ಕಳಿಸುವುದು ಹೇಳಿಕೊಟ್ಟಳು, ಒಂದು ದಿನವೂ ನನ್ನ ಹುಟ್ಟು ವಿಚಾರಿಸಲಿಲ್ಲ.

ಹಾಗಾಗಿ ಕಂಪನಿಗೆ ದನಿಯಲ್ಲೇ ಹೇಳಿ ಕಳಿಸೋಣ ಎಂದುಕೊಂಡೆ. ಹೇಗೆ ಕಳಿಸುವುದೆಂದು ಅವಳನ್ನು ಕೇಳುವ ಹಾಗಿರಲಿಲ್ಲ. ನಿನ್ನ ಅಪ್ಪ "ನಂಗೊತ್ತು ಕೊಡೇ" ಎಂದು ಕನ್ನಡಕ ಹಣೆಗೇರಿಸಿ ಎಲ್ಲೋ ಒತ್ತಿ ಹಿಡಿದರು. ನಾನು ಹೇಳಿದೆ: "ನೋಡಮ್ಮಾ, ಅವಳು ನನ್ನ ಹತ್ರ ಜಗಳ ಆಡೋದು ಈ ಭಾಷೇಲೇ, ಎಷ್ಟೋ ಸಲ ಗೆಲ್ಲೋದೂ ಈ ಭಾಷೇಲೇ. ನಮ್ಮ ಯಜಮಾನರಿಗೆ ಆಪರೇಷನ್ ಆದಾಗ ಡಾಕ್ಟರ ಮಾತು ಬಿಡಿಸಿ ಹೇಳಿ ಧೈರ್ಯ ತುಂಬಿದ್ದು ಅವಳು, ನಾನು ಮೂಲೇಲಿ ಕೂತಿದ್ದೆ. ಜ್ವರ ಬಂದಾಗ ಅವಳು ಕನವರಿಸಿದ್ದೂ ಈ ಭಾಷೇಲೇ, ಅದೂ ನನ್ನನ್ನೇ ಬೈದು. ನಿಮಗೆ ಇನ್ನೇನು ಬೇಕು?"

ಅದು ಕಂಪನಿಗೆ ಹೋಗಲಿಲ್ಲ. ನಮ್ಮ ಲಾಂಡ್ರಿಯ ಗಿರಾಕಿಗಳ ಫೋನ್ ಗುಂಪಿಗೆ ಹೋಯಿತು. ಬೀದಿಗೆ ಬೀದಿಯೇ ಕೇಳಿತು. ಬ್ಯಾಂಕಿನವರು ಚಪ್ಪಾಳೆಯ ಚಿತ್ರ ಕಳಿಸಿದರು. ಮೂಲೆಮನೆ ದರ್ಜಿ ಮಾತ್ರ "ಅದೆಲ್ಲ ಸರಿ, ನನ್ನ ಪ್ಯಾಂಟು ಎಲ್ಲಿ?" ಎಂದ. ಆ ಗುಂಪು ನೋಡಿಕೊಳ್ಳುವವಳೇ ನಿನ್ನ ಹೆಂಡತಿ. ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದವಳು ಬಂದು ಬಾಗಿಲಲ್ಲಿ ನಿಂತಳು. "ಕನವರಿಸಿದ್ದು ನಂಗ್ಯಾಕೆ ಹೇಳಲಿಲ್ಲ?" ಎಂದಳು. "ಬೈಸಿಕೊಂಡಿದ್ದನ್ನ ಊರೆಲ್ಲ ಸಾರಲಾ?" ಎಂದೆ. "ಸಾರಿ ಆಯ್ತಲ್ಲ" ಎಂದಳು. ಅಳಿಸಲೇ ಎಂದೂ ಕೇಳಿದಳು. ಬೇಡ, ಇರಲಿ ಎಂದೆ.

ಆಮೇಲೆ ಅವಳೇ ಅದನ್ನು ಕಂಪನಿಗೆ ಕಳಿಸಿದಳು. ನಿಯಮ ನಿಯಮವೇ ಎಂದು ಉತ್ತರ ಬಂತು. ಅವರ ಯಂತ್ರಕ್ಕೆ ಅವಳ ದನಿ ಕೇಳುವ ಯೋಗವಿಲ್ಲ, ನಾವು ಏನು ಮಾಡಲಾದೀತು. ಪೆಟ್ಟಿಗೆ ಇನ್ನೂ ಕಟ್ಟಿದ ಹಾಗೇ ಇದೆ.

ನಿನ್ನ ಅಪ್ಪ ನೆನಪು ಹೇಳಿದ್ದಾರೆ. ಎದೆಗೆ ಬೆಚ್ಚಗಿರುವುದೇನಾದರೂ ಹಾಕಿಕೋ. ನೂರು ಕಾಲ ಬಾಳು.

ನಿನ್ನ ಅಮ್ಮ

ಮರೆತಿದ್ದೆ: ನಾಳೆ ಬೆಳಿಗ್ಗೆಯ ಬಸ್ಸಿಗೆ ಅವಳ ಜೊತೆ ನಾನೂ ಹೊರಟಿದ್ದೇನೆ. ಅವಳೇ ಕರೆದಳು, ಒಂದು ವಾರವಂತೆ, ಬರುವಾಗಲೂ ಒಟ್ಟಿಗೇ ಅಂತೆ. ಅಲ್ಲಿ ಒಬ್ಬರ ಮಾತೂ ನನಗೆ ತಿಳಿಯುವುದಿಲ್ಲ. ನೀರು, ಊಟ, ನಿದ್ದೆ ಎಲ್ಲ ಸನ್ನೆಯಲ್ಲಿ ನಿಭಾಯಿಸುತ್ತೇನೆ. ಆದರೆ "ನಿಮ್ಮ ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ" ಅನ್ನುವುದನ್ನು ಅವರ ಭಾಷೆಯಲ್ಲಿ ಹೇಗೆ ಹೇಳಬೇಕು? ಅವಳನ್ನು ನಾನು ಕೇಳುವುದಿಲ್ಲ, ನಿನಗೆ ಅದು ಬರುತ್ತದಲ್ಲ. ಅಪ್ಪ ಈ ಕಾಗದದ ಫೋಟೋ ಈಗಲೇ ಕಳಿಸುತ್ತಾರೆ. ಬಸ್ಸು ಹೊರಡುವ ಮೊದಲು ನಿನ್ನ ದನಿಯಲ್ಲಿ, ನಿಧಾನವಾಗಿ, ಎರಡು ಸಲ ಹೇಳಿ ಕಳಿಸು.