ಕಿಟಕಿ ಇನ್ನೂ ಬಂದಿಲ್ಲ

ಹರಿಹರ
೨೩-೧೧-೨೦೨೫, ಭಾನುವಾರ

ಪ್ರೀತಿಯ ಸೊಸೆ ಸ್ವಾತಿಗೆ ನಿನ್ನ ಅತ್ತೆಯ ಆಶೀರ್ವಾದ.

ನಾನು ಕ್ಷೇಮ, ನಿಮ್ಮ ಮಾವ ಕ್ಷೇಮ, ಎಮ್ಮೆಯೂ ಕ್ಷೇಮ. ಎಮ್ಮೆಯ ವಿಷಯಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನಗುತ್ತೀ ಎಂದು ಬರೆದು ನಿನ್ನ ಗಂಡ ಹನುಮೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ಮೊದಲು ಓದು, ಆಮೇಲೆ ಅವನಿಗೆ ಚಹಾ ಕೊಡು.

ನೀನು ದಾವಣಗೆರೆಯಲ್ಲಿ ಗೆಳತಿಯರ ಜೊತೆ ಮಾಡುತ್ತಿರುವ ಆ ಕಾಡಿನಲ್ಲಿ ಬದುಕುವ ಆಟವನ್ನು ನಮ್ಮ ಹಳೇ ಲ್ಯಾಪ್‌ಟಾಪಿಗೆ ಹಾಕಿ, ಮೇಲೊಂದು ಕಾಗದ ಅಂಟಿಸಿ ಹೋದೆಯಲ್ಲ: 'ಆಟ ಅರ್ಧ ಮಾತ್ರ ಆಗಿದೆ. ಹೆಚ್ಚು ನಿರೀಕ್ಷೆ ಬೇಡ. ತಪ್ಪು ಕಂಡರೆ ಬರೆಯಿರಿ.' ಒಳ್ಳೆಯ ಪದ್ಧತಿ. ನಿಮ್ಮ ಮಾವನನ್ನು ಮದುವೆಯಾಗುವಾಗ ಇಂಥದೊಂದು ಕಾಗದವನ್ನು ಯಾರೂ ಅಂಟಿಸಿರಲಿಲ್ಲ.

ತಪ್ಪುಗಳನ್ನು ಬರೆಯುತ್ತೇನೆ. ತುಂಗಭದ್ರೆಯಲ್ಲಿ ಬಟ್ಟೆ ಒಗೆದು ಬೆಳೆದ ನಾನು ನಿನ್ನ ಆಟದ ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಸಲ ಮುಳುಗಿ ಸತ್ತೆ. ತೋಳ ಗೋಡೆಯೊಳಗಿಂದಲೇ ನುಗ್ಗುತ್ತದೆ. ನಮ್ಮ ನೆಂಟರೂ ಬಾಗಿಲಿಂದ ಬರುತ್ತಾರಮ್ಮ. ಉಂಡು ಐದು ನಿಮಿಷಕ್ಕೆ ಮತ್ತೆ ಹಸಿವು ಎಂದು ತೋರಿಸುತ್ತದೆ. ಅದನ್ನು ಹನುಮೇಶನನ್ನು ನೋಡಿ ಬರೆದಿದ್ದರೆ ಸರಿಯಾಗಿಯೇ ಇದೆ, ಬಿಡು.

ನಿಮ್ಮ ಮಾವ ಮೊದಲ ದಿನ 'ಈ ವಯಸ್ನಾಗ ನಿನಗ್ಯಾಕ ಇದೆಲ್ಲ, ಬ್ಯಾಡ' ಎಂದರು. ಎರಡನೇ ದಿನ ಬೆನ್ನ ಹಿಂದೆ ನಿಂತರು. ಮೂರನೇ ದಿನ ಕುರ್ಚಿ ಎಳೆದುಕೊಂಡರು. ಈಗ ಮರ ಕಡಿಯುವುದು, ಮನೆ ಕಟ್ಟುವುದು ಅವರ ಪಾಲು. ಅಡುಗೆ ಮತ್ತು ಎಮ್ಮೆ ನನ್ನದು. ನೀರಿನ ನಾಲ್ಕೂ ಸೇರಿ ಒಂಬತ್ತು ಸಲ ಸತ್ತು ಹಿಡಿದ ಎಮ್ಮೆ. ಚೆಲುವಿ ಎಂದು ಹೆಸರಿಟ್ಟಿದ್ದೇನೆ. ಹಾಲು ಕೊಡುವುದನ್ನು ನೀನಿನ್ನೂ ಮಾಡಿಲ್ಲವಂತೆ, ಕಡಿದು ತಿನ್ನಬಹುದಂತೆ. ಎರಡು ಸಲ ಉಪವಾಸ ಸತ್ತೆನೇ ಹೊರತು ಅವಳನ್ನು ಮುಟ್ಟಲಿಲ್ಲ.

ಮನೆಗೆ ಕಿಟಕಿ ಇಡಿ ಎಂದರೆ ನಿಮ್ಮ ಮಾವ ನಿನ್ನ ಕಾಗದ ತೋರಿಸುತ್ತಾರೆ: 'ಕಿಟಕಿ ಇನ್ನೂ ಬಂದಿಲ್ಲ ಅಂತ ನಿನ್ ಸೊಸಿನೇ ಬರ್ದಾಳ, ನಾನೆಲ್ಲಿಂದ ತರ್ಲಿ?' ನಮ್ಮ ನಿಜವಾದ ಅಡುಗೆಮನೆ ಕಟ್ಟಿಸುವಾಗ ಯಾವ ಕಾಗದ ಅಡ್ಡ ಬಂದಿತ್ತೋ! ಇಪ್ಪತ್ತೆರಡು ವರ್ಷದಿಂದ ಕಿಟಕಿಯಿಲ್ಲದೆ ಒಗ್ಗರಣೆ ಹಾಕಿ ಕೆಮ್ಮುತ್ತಿದ್ದೇನೆ. ಕೇಳಿದಾಗಲೆಲ್ಲ ಜಗಳ.

ಈಗ ವಿಷಯಕ್ಕೆ ಬರುತ್ತೇನೆ. ಕಾಗದದ ಕೊನೆಯಲ್ಲಿ ಬರೆದಿದ್ದೀ: 'ಒಂದನೇ ತಾರೀಖು ಕಿಟಕಿ ಇರುವ ಹೊಸ ಆಟ ಬರುತ್ತದೆ. ಆಗ ನೀವು ಮಾಡಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.' ಅಳಿಸಬೇಡವೇ ತಾಯಿ. ನನ್ನ ಚೆಲುವಿಯನ್ನು ಉಳಿಸು.

ಎಮ್ಮೆಗಾಗಿ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಗೂಡ್ಸ್ ಆಟೋ ಓಡಿಸುತ್ತ ಎಲ್ಲೋ ಖಾನಾವಳಿಯಲ್ಲಿ ಉಣ್ಣುತ್ತಿದ್ದ ಮನುಷ್ಯ ಈಗ ಮಧ್ಯಾಹ್ನ ಮನೆಗೆ ಬರುತ್ತಾರೆ. 'ತೋಳ ಬಂತು, ಓಡೇ!' ಎಂದು ಕೂಗುತ್ತಾರೆ. ನಾನು ಸತ್ತರೆ ಬೇಜಾರು ಮಾಡಿಕೊಳ್ಳುತ್ತಾರೆ. ಮದುವೆಯಾದ ಹೊಸತರಲ್ಲೂ ಇಷ್ಟು ಮಾತಾಡಿರಲಿಲ್ಲ. ಎಲ್ಲ ಅಳಿಸಿಹೋದರೆ ಮತ್ತೆ ಖಾನಾವಳಿಗೇ ಹೋಗುತ್ತಾರೇನೋ ಎಂದು ನನಗೆ ನಿಜವಾಗಿ ಭಯವಾಗುತ್ತದೆ.

ಇಂತಿ, ಹನ್ನೊಂದು ಸಲ ಸತ್ತರೂ ಗಟ್ಟಿಯಾಗಿರುವ ನಿನ್ನ ಅತ್ತೆ,
ಹೊನ್ನಕ್ಕ

ತಾ.ಕ.: ಪತ್ರ ಮಡಚುವಷ್ಟರಲ್ಲಿ ನಿಮ್ಮ ಮಾವ ಕಿತ್ತುಕೊಂಡು ಓದಿಬಿಟ್ಟರು. 'ಅಳಿಸ್ಲಿ ಬಿಡೇ, ಇಬ್ರೂ ಕೂಡಿ ಮೊದ್ಲಿಂದ ಕಟ್ಟಿದ್ರಾತು. ಈ ಸಲ ಮೊದ್ಲು ಅಡಿಗಿಮನಿಗೆ ಕಿಟಕಿ ಇಟ್ಟು, ಆಮ್ಯಾಲೆ ಗ್ವಾಡಿ ಎಬ್ಬಿಸ್ತೀನಿ' ಎಂದರು. ಈಗ ನಮ್ಮ ಅಡುಗೆಮನೆಯಲ್ಲಿ ನಿಂತು ಗೋಡೆ ಬಡಿದು ನೋಡುತ್ತ, 'ಇಲ್ಲಿ ಒಡೆಸಿದ್ರೆ ಹೆಂಗೆ?' ಎಂದು ಕೇಳುತ್ತಿದ್ದಾರೆ. ಚೆಲುವಿಯನ್ನು ಮತ್ತೆ ಹಿಡಿಯುತ್ತೇನೆ, ದಾರಿ ಗೊತ್ತಿದೆ. ಒಂದನೇ ತಾರೀಖಿನವರೆಗೆ ಕಾಯಬೇಡ ಸ್ವಾತಿ, ಈ ಮನುಷ್ಯನ ಮನಸ್ಸು ಬದಲಾಗುವ ಮುಂಚೆ ನಾಳೆಯೇ ಅಳಿಸು.